120 ರೂಪಾಯಿಯ ಪಾರಿಜಾತ: ನಾಲ್ಕು ವರ್ಷದ ನಂತರ ಬರೆದ ವಿಮರ್ಶೆ

2021ರ ಜುಲೈಯಲ್ಲಿ ಧಾರವಾಡದ ಹೊರಗಿನ ಒಂದು ಸಣ್ಣ ನರ್ಸರಿಯಿಂದ 120 ರೂಪಾಯಿ ಕೊಟ್ಟು ತಂದ ಪಾರಿಜಾತದ ಸಸಿಯ ಬಗ್ಗೆ ಬರೆಯುತ್ತಿದ್ದೇನೆ. ತಂದಾಗ ಮೂರು ಅಡಿ ಇತ್ತು, ಕಪ್ಪು ಪ್ಲಾಸ್ಟಿಕ್ ಚೀಲದಲ್ಲಿ. ಈಗ ಹನ್ನೆರಡು ಅಡಿ ದಾಟಿ ಮಹಡಿಯ ಕಿಟಕಿಯ ಮಟ್ಟಕ್ಕೆ ಬಂದಿದೆ. ಈ ವರ್ಷ ಗಣೇಶ ಚೌತಿ ಮುಗಿದ ವಾರಕ್ಕೆ ಹೂ ಬಿಡಲು ಶುರು ಮಾಡಿದ್ದು, ಕಾರ್ತಿಕ ಹುಣ್ಣಿಮೆ ಕಳೆದು ಹತ್ತು ದಿನವಾದರೂ ನಿಂತಿಲ್ಲ. ಮನೆಯ ಮುಂದೆ ಪಾರಿಜಾತ ಬೇಕು ಎಂದು ನನ್ನನ್ನು ಕೇಳಿದವರು ಈಗಾಗಲೇ ಹತ್ತಾರು ಜನ. ಯಾವ ಸಸಿ ಆರಿಸಬೇಕು, ಎಲ್ಲಿ ಮೋಸ ಹೋಗುವ ಸಾಧ್ಯತೆ ಇದೆ ಎಂಬುದನ್ನು ಅವರಿಗೆ ಬಾಯಲ್ಲಿ ಹೇಳಿ ಹೇಳಿ, ಒಮ್ಮೆ ಪೂರ್ತಿ ಬರೆದಿಡೋಣ ಎನಿಸಿತು. ಇನ್ನೊಂದು ಮಾತನ್ನು ನನಗೆ ಯಾರೂ ಮೊದಲೇ ಹೇಳಿರಲಿಲ್ಲ: ಈ ಮರ ನೆಡುವವರು ಬೇರಿಗೆ ನೆಲ ಮಾಡಿದರೆ ಸಾಲದು, ಹೂವಿಗೂ ನೆಲ ಮಾಡಬೇಕು.

ನಾನು 31 ವರ್ಷ ನರ್ಸ್ ಆಗಿದ್ದವಳು. 2023ರ ಮೇ ತಿಂಗಳಲ್ಲಿ ನಿವೃತ್ತಳಾದೆ. ತಿಂಗಳಿಗೆ ಎಂಟು ಹತ್ತು ನೈಟ್ ಡ್ಯೂಟಿ ಇದ್ದೇ ಇರುತ್ತಿದ್ದವು. ಆಗ ಧಾರವಾಡದ ಮಾಳಮಡ್ಡಿಯಲ್ಲಿ ಬಾಡಿಗೆಗೆ ಇದ್ದೆವು. ಸಂಜೆ ಬಸ್ಸಿಗೆ ನಡೆದು ಹೋಗುವ ದಾರಿಯಲ್ಲಿ ಒಂದು ಹಳೆಯ ಹೆಂಚಿನ ಮನೆ, ಅದರ ಕಾಂಪೌಂಡಿನ ಮೇಲೆ ಬಾಗಿದ ಪಾರಿಜಾತ. ನಾನು ಹಾದು ಹೋಗುವಾಗ ಮೊಗ್ಗುಗಳ ತುದಿ ಇನ್ನೇನು ಬಿಚ್ಚಬೇಕು ಎಂಬಂತಿರುತ್ತಿತ್ತು. ಬೆಳಗ್ಗೆ ಎಂಟೂವರೆಗೆ ಅದೇ ದಾರಿಯಲ್ಲಿ ತಿರುಗಿ ಬಂದರೆ ಹೂವೆಲ್ಲ ಡಾಂಬರಿನ ಮೇಲೆ. ಸ್ಕೂಟರಿನ ಗಾಲಿ, ಶಾಲೆ ಮಕ್ಕಳ ಬೂಟು, ದನದ ಗೊರಸು ಎಲ್ಲ ಅವುಗಳ ಮೇಲೆ ಹಾದು ಹೋಗಿರುತ್ತಿದ್ದವು. ಡ್ಯೂಟಿಗೆ ಹೋಗುವಾಗ ಮೊಗ್ಗು, ಬರುವಾಗ ಕಸ. ಆ ಹೂವು ಅರಳಿ ನಿಂತ ಹೊತ್ತಿನಲ್ಲಿ ನಾನು ವಾರ್ಡಿನಲ್ಲಿ ಸಲೈನ್ ಬಾಟಲಿ ನೋಡುತ್ತ ಕೂತಿರುತ್ತಿದ್ದೆ. ಸ್ವಂತ ಮನೆ ಕಟ್ಟಿಸುವಾಗ 30-40ರ ಸೈಟಿನಲ್ಲೂ ಹಟ ಹಿಡಿದು ಈಶಾನ್ಯದ ಮೂಲೆಯನ್ನು ಖಾಲಿ ಬಿಡಿಸಿದ್ದು ಇದೇ ಮರಕ್ಕಾಗಿ.

ಖಾಲಿ ಬಿಟ್ಟದ್ದು ಎಷ್ಟೋ ವರ್ಷ ಖಾಲಿಯೇ ಉಳಿಯಿತು. 2020ರ ಆಗಸ್ಟ್ 5ರಂದು ಅಯೋಧ್ಯೆಯಲ್ಲಿ ಭೂಮಿಪೂಜೆಯ ದಿನ ಪ್ರಧಾನಿ ಪಾರಿಜಾತದ ಸಸಿ ನೆಟ್ಟದ್ದನ್ನು ಟಿವಿಯಲ್ಲಿ ನೋಡುತ್ತ ನಮ್ಮ ಅತ್ತೆಯವರು, "ನೋಡವಾ, ಜಾಗಾ ಬಿಟ್ಟುಕೊಂಡು ಕುಂತೀವಿ, ಗಿಡ ಹಚ್ಚೂದು ಯಾವಾಗ?" ಎಂದರು. ಕೊರೊನಾದ ಕಾಲ, ಹೊರಗೆ ಓಡಾಡುವಂತಿಲ್ಲ. ಮಗಳು ಫೋನಿನಲ್ಲೇ ಆರ್ಡರ್ ಹಾಕಿದಳು. ಫೋಟೋದಲ್ಲಿ ಬಿಳಿ ಎಸಳು, ಕಿತ್ತಳೆ ತೊಟ್ಟಿನ ನಮ್ಮ ಪಾರಿಜಾತವೇ ಇತ್ತು. ಹೆಸರು ಮಾತ್ರ "ನೈಟ್ ಜಾಸ್ಮಿನ್". ಸಾಗಣೆ ಸೇರಿ 349 ರೂಪಾಯಿ.

ಡಬ್ಬಿಯಲ್ಲಿ ಬಂದ ಗೇಣುದ್ದದ ಸಸಿ ಸೊಗಸಾಗಿಯೇ ಬೆಳೆಯಿತು. ಮುಂದಿನ ಬೇಸಿಗೆಗೆ ಗೊಂಚಲು ಗೊಂಚಲಾಗಿ ಹೂವೂ ಬಂತು. ತೆಳ್ಳಗೆ, ಕೊಳವೆಯಂತೆ, ಹಸಿರು ಬೆರೆತ ಬಿಳಿ. ಅದು ರಾತ್ರಿರಾಣಿ. ಇಂಗ್ಲಿಷಿನಲ್ಲಿ ನೈಟ್ ಜಾಸ್ಮಿನ್ ಎಂದು ಎರಡನ್ನೂ ಕರೆಯುತ್ತಾರೆ, ಗೊಂದಲ ಅಲ್ಲೇ ಹುಟ್ಟುವುದು. ಇವೆರಡಕ್ಕೂ ದೂರದ ನಂಟೂ ಇಲ್ಲ. ರಾತ್ರಿರಾಣಿ ಬದನೆ, ಟೊಮೆಟೊಗಳ ಕುಲಕ್ಕೆ ಸೇರಿದ್ದು, ಅಮೆರಿಕ ಖಂಡದ ಬಿಸಿ ನಾಡುಗಳಿಂದ ಬಂದದ್ದು. ಪಾರಿಜಾತ ನಮ್ಮ ನೆಲದ್ದು, ಮಲ್ಲಿಗೆಯ ಕುಲದ್ದು. ಅಂಗಡಿಯವರಿಗೆ ದೂರು ಕೊಟ್ಟರೆ ವಾಪಸು ಪಡೆಯುವ ಅವಧಿ ಎಂದೋ ಮುಗಿದಿದೆ ಎಂಬ ಉತ್ತರ ಬಂತು. ಹೂವು ನೋಡದೆ ಗುರುತು ಹತ್ತದ ಗಿಡಕ್ಕೆ ಏಳು ದಿನದ ಅವಧಿ ಕೊಟ್ಟು ಏನು ಪ್ರಯೋಜನ? ರಾತ್ರಿರಾಣಿಯ ದಟ್ಟ ವಾಸನೆಗೆ ಅತ್ತೆಯವರಿಗೆ ದಿನಾ ತಲೆನೋವು. ಅದನ್ನು ದೊಡ್ಡ ಹಿತ್ತಿಲು ಇದ್ದ ಸಹೋದ್ಯೋಗಿಯೊಬ್ಬರಿಗೆ ಕೊಟ್ಟುಬಿಟ್ಟೆವು.

ಆದ್ದರಿಂದ ಮೊದಲನೆಯದಾಗಿ ಹೇಳುವುದು ಇದು. ಹೆಸರಿನ ಚೀಟಿ ಓದಿ ಪಾರಿಜಾತ ಕೊಳ್ಳಬೇಡಿ, ಎಲೆ ಮುಟ್ಟಿ ಕೊಳ್ಳಿ. ಪಾರಿಜಾತದ ಎಲೆ ಒರಟು, ಬಡಗಿಯ ಸ್ಯಾಂಡ್ ಪೇಪರಿನ ಹಾಗೆ ಬೆರಳಿಗೆ ತರಿತರಿ ಹತ್ತುತ್ತದೆ. ರಾತ್ರಿರಾಣಿಯ ಎಲೆ ನುಣುಪು. ಎರಡನೆಯ ಗುರುತು ಇನ್ನೂ ಖಚಿತ: ಎಳೆಯ ಟೊಂಗೆಯನ್ನು ಹೆಬ್ಬೆರಳು ತೋರುಬೆರಳಿನ ನಡುವೆ ಹಿಡಿದು ಹೊರಳಿಸಿ, ನಾಲ್ಕು ಮೂಲೆ ಸಿಗುತ್ತವೆ. ಪಾರಿಜಾತದ ಎಳೆ ಕಾಂಡ ಚೌಕ. ಎಲೆಗಳು ಎದುರುಬದುರು ಜೋಡಿಯಾಗಿ ಇರುತ್ತವೆ. ಹೊರ ರಾಜ್ಯದವರ ನರ್ಸರಿಯಾದರೆ ಹರಸಿಂಗಾರ ಎಂದು ಕೇಳಿ, ಬಂಗಾಳದವರಾದರೆ ಶಿಉಲಿ ಎನ್ನಿ. ಅವರಿಗೆ ಅದು ದುರ್ಗಾಪೂಜೆಯ ಹೂವು, ಪಶ್ಚಿಮ ಬಂಗಾಳದ ರಾಜ್ಯಪುಷ್ಪ. ಹೆಸರಿನ ಗೊಂದಲ ಹೊಸತೇನಲ್ಲ. ಉತ್ತರ ಪ್ರದೇಶದ ಬಾರಾಬಂಕಿ ಜಿಲ್ಲೆಯ ಕಿಂತೂರಿನಲ್ಲಿ ಪಾರಿಜಾತವೆಂದು ಪೂಜೆಗೊಳ್ಳುವ ಭಾರಿ ಮರ ನಿಜಕ್ಕೂ ಬಾವೊಬಾಬ್ ಎಂಬ ಬೇರೆಯೇ ಮರ, ನಮ್ಮ ಸವಣೂರಿನ ದೊಡ್ಡಹುಣಸೆ ಮಠದ ಅಂಗಳದಲ್ಲಿ ಇರುವ ಮರಗಳ ಜಾತಿಯದು.

ಇನ್ನು ನರ್ಸರಿ. ಹೆಸರು ಬರೆಯುತ್ತಿಲ್ಲ, ಆ ಮನುಷ್ಯ ಒಬ್ಬನೇ ನಡೆಸುವ ಜಾಗ, ಬೋರ್ಡೂ ಇಲ್ಲ. ಅರ್ಧ ಎಕರೆ, ಮೇಲೆ ಹಸಿರು ನೆರಳು ಬಲೆ, ಒಂದು ಮೂಲೆಯಲ್ಲಿ ಗೊಬ್ಬರದ ತಿಪ್ಪೆ. ನಾನು ಹೋದ ಕೂಡಲೇ ಆರು ಅಡಿಯ ಒಂದು ಗಿಡದ ಮೇಲೆ ಕಣ್ಣು ಬಿತ್ತು. ಬೆಲೆ 450. ಪರವಾಗಿಲ್ಲ, ಬೇಗ ಹೂ ಬರಲಿ ಎಂದು ಅದನ್ನೇ ಕೇಳಿದೆ. ಆತ ಚೀಲದ ತಳವನ್ನು ತಿರುವಿ ತೋರಿಸಿದ. ಬೇರು ಚೀಲ ಹರಿದು ಹೊರಗೆ ಬಂದು ಸುರುಳಿ ಸುತ್ತಿತ್ತು.

"ಇದನ್ನ ಒಯ್ಯಬ್ಯಾಡ್ರಿ ಅಕ್ಕಾರ. ಚೀಲದಾಗ ಬಾಳ ದಿವಸ ಉಳದೈತಿ, ನೆಲಕ್ಕ ಹಚ್ಚಿದ ಮ್ಯಾಲೂ ಬೇರು ಸುತ್ತಕೋತನ ಹೊಕ್ಕತಿ. ಎರಡ ವರ್ಷ ಹಂಗ ನಿಂದರ್ತೈತಿ."

ಆಮೇಲೆ ಎರಡು ಬಗೆಯ ಸಣ್ಣ ಸಸಿ ತೋರಿಸಿದ. ಬೀಜದಿಂದ ಬಂದದ್ದಕ್ಕೆ 60 ರೂಪಾಯಿ, ಹೂವಿಗೆ ಮೂರು ವರ್ಷ ಕಾಯಬೇಕು. ಟೊಂಗೆ ಹಚ್ಚಿ ಮಾಡಿದ್ದಕ್ಕೆ 120. "ಬರೂ ದಸರಾಕ್ಕ ಅಲ್ಲ, ಅದರ ಮುಂದಿನ ದಸರಾಕ್ಕ ನಾಕ ಹೂವ ನೋಡ್ತೀರಿ" ಎಂದ. 450ರ ಗಿಡ ಕೊಳ್ಳಲು ತಯಾರಾಗಿ ನಿಂತವಳಿಗೆ 120ರ ಗಿಡ ಕೊಟ್ಟು ಕಳಿಸಿದ ಮನುಷ್ಯ. ಅಂದಿನಿಂದ ನಾನು ಗಿಡಕ್ಕೆಂದು ಬೇರೆ ಕಡೆ ಹೋಗಿಲ್ಲ. ಕೊರತೆಯೆಂದರೆ, ಯಾವ ಗಿಡಕ್ಕೂ ಚೀಟಿ ಇರುವುದಿಲ್ಲ, ಬಿಲ್ಲು ಕೇಳಿದರೆ ಸಿಗರೇಟು ಪೊಟ್ಟಣದ ಹಿಂದೆ ಬರೆದು ಕೊಡುತ್ತಾನೆ. ಚೀಲದ ಮಣ್ಣು ಬರೀ ಜೇಡಿ, ಇಟ್ಟಿಗೆಯಂತೆ ಗಟ್ಟಿ. ಅದನ್ನು ಬಕೆಟ್ ನೀರಿನಲ್ಲಿ ಅರ್ಧ ತಾಸು ಇಟ್ಟು ಸಡಿಲ ಮಾಡಿಕೊಂಡೇ ನೆಡಬೇಕಾಯಿತು.

ಧಾರವಾಡದಲ್ಲಿ ಪಶ್ಚಿಮದ ಕಡೆ ಮಸಾರಿ, ಅಂದರೆ ಕೆಂಪು ಮಣ್ಣು; ಪೂರ್ವಕ್ಕೆ ಹೋದಂತೆ ಎರಿ, ಅಂದರೆ ಕಪ್ಪು ಮಣ್ಣು. ನಮ್ಮ ಬಡಾವಣೆ ಎರಿಯ ಬದಿಗೆ ಬಿದ್ದಿದೆ. ಎರಿಮಣ್ಣಿಗೆ ಮಳೆ ಬಿದ್ದರೆ ನೀರು ಮೂರು ದಿನ ನಿಲ್ಲುತ್ತದೆ, ಪಾರಿಜಾತಕ್ಕೆ ಒದ್ದೆ ಕಾಲು ಆಗಿಬರುವುದಿಲ್ಲ. ಆತ ಹೇಳಿದಂತೆ ಎರಡು ಅಡಿ ಅಗಲ, ಎರಡು ಅಡಿ ಆಳದ ಕುಣಿ ತೆಗೆಸಿ, ತಳಕ್ಕೆ ಅರ್ಧ ಅಡಿ ಖಡಿ, ಮೇಲೆ ಮಸಾರಿ ಮಣ್ಣು ಎರಡು ಪಾಲು, ಕೊಳೆತ ತಿಪ್ಪೆಗೊಬ್ಬರ ಒಂದು ಪಾಲು ತುಂಬಿದೆವು. ನೆಲಮಟ್ಟಕ್ಕಿಂತ ನಾಲ್ಕು ಬೆರಳು ಎತ್ತರಿಸಿ ನೆಟ್ಟೆವು. ಬೆಳಗಿನಿಂದ ಮಧ್ಯಾಹ್ನದವರೆಗೆ ಬಿಸಿಲು ಬೀಳುವ ಮೂಲೆ ಅದು. ಮೊದಲ ವರ್ಷ ಬೇಸಿಗೆಯಲ್ಲಿ ವಾರಕ್ಕೆ ಎರಡು ಸಲ ನೀರು. ಈಗ ನೀರಿನ ಗೊಡವೆಯೇ ಇಲ್ಲ.

ಅವನ ಮಾತು ಸುಳ್ಳಾಗಲಿಲ್ಲ. 2022ರ ಘಟಸ್ಥಾಪನೆಯ ವಾರದಲ್ಲಿ ಮೊದಲ ಹೂವು ಬಂತು, ಹನ್ನೊಂದು. ಅವತ್ತು ರಾತ್ರಿ ನನಗೆ ಡ್ಯೂಟಿ. ಬೆಳಗ್ಗೆ ಮನೆಗೆ ಬಂದಾಗ ಅತ್ತೆಯವರು ಹಿತ್ತಾಳೆ ತಾಟಿನಲ್ಲಿ ಒದ್ದೆ ಅರಿವೆ ಹಾಸಿ, ಹನ್ನೊಂದನ್ನೂ ಅದರ ಮೇಲೆ ಇಟ್ಟು ಬಾಗಿಲಲ್ಲೇ ಕೂತಿದ್ದರು. ಎಸಳು ಆಗಲೇ ಸೊರಗಿ ಅಂಚು ಮುದುಡಿದ್ದವು. "ದೇವರಿಗೆ ಇನ್ನೂ ಏರಿಸಿಲ್ಲ, ನೀ ನೋಡ್ಲಿ ಅಂತ ಇಟ್ಟೀನಿ" ಎಂದರು. ಚಪ್ಪಲಿ ಬಿಡುವುದನ್ನೂ ಮರೆತು ತಾಟನ್ನು ಕೈಗೆ ತೆಗೆದುಕೊಂಡೆ.

ನಿವೃತ್ತಿಯ ವರ್ಷ ಕಣ್ತುಂಬ ನೋಡುತ್ತೇನೆ ಎಂದುಕೊಂಡಿದ್ದೆ. ಅದಾಗಲಿಲ್ಲ. 2023ರ ಆಗಸ್ಟಿನಲ್ಲಿ ಅಂಗಳ ಸ್ವಚ್ಛ ಮಾಡಲು ಕರೆಸಿದ್ದ ಆಳು, ಗಿಡ ಬಾಳ ಹರಡಿದೆ, ಶೇಪ್ ಕೊಡುತ್ತೇನೆ ಎಂದು ಎಲ್ಲ ಟೊಂಗೆಗಳ ತುದಿ ಕತ್ತರಿಸಿ ಗುಂಡಗೆ ಮಾಡಿ ಹೋದ. ನಾನೂ ತಲೆ ಆಡಿಸಿದ್ದೆ. ಪಾರಿಜಾತ ಹೂ ಬಿಡುವುದು ಅದೇ ಮಳೆಗಾಲದಲ್ಲಿ ಚಿಗುರಿದ ಹೊಸ ಟೊಂಗೆಗಳ ತುದಿಯಲ್ಲಿ. ಆಗಸ್ಟಿನಲ್ಲಿ ತುದಿ ಕತ್ತರಿಸಿದರೆ ದಸರೆಯ ಹೂವನ್ನೇ ಕತ್ತರಿಸಿದಂತೆ. ಆ ಶರದೃತು ಪೂರ್ತಿ ಮರದಲ್ಲಿ ಬರೀ ಎಲೆ. ದಿನಾ ಬೆಳಗ್ಗೆ ಐದಕ್ಕೆ ಎದ್ದು ಹೊರಗೆ ಬಂದು ನೋಡಿ ಒಳಗೆ ಹೋಗುತ್ತಿದ್ದೆ. ನವೆಂಬರ್ ಕೊನೆಗೆ ಒಂದು ಬದಿಯಲ್ಲಿ ಇಪ್ಪತ್ತು ಮೂವತ್ತು ಬಿಟ್ಟಿತು, ಅಷ್ಟೇ. ಈಗ ನಾನೇ ಕತ್ತರಿ ಹಿಡಿಯುತ್ತೇನೆ, ಹೂವೆಲ್ಲ ಮುಗಿದು ಎಲೆ ಉದುರುವ ಫೆಬ್ರುವರಿಯಲ್ಲಿ, ಮೂರರಲ್ಲಿ ಒಂದು ಪಾಲಿನಷ್ಟು. ಅದಾದ ಮೇಲೆ ಜೂನ್‌ನಿಂದ ಡಿಸೆಂಬರ್‌ವರೆಗೆ ಯಾರಿಗೂ ಮುಟ್ಟಲು ಬಿಡುವುದಿಲ್ಲ.

2024ರಲ್ಲಿ ಮರ ಮೈತುಂಬ ಬಿಟ್ಟಿತು. ನೆಲದ ವಿಚಾರ ನನಗೆ ಗೊತ್ತಾದದ್ದು ಆಗ.

ಮನೆ ಕಟ್ಟುವಾಗ ಗಿಡಕ್ಕೆ ಬಿಟ್ಟ ಜಾಗ ಮೂರು ಅಡಿ ಚೌಕ. ಉಳಿದ ಅಂಗಳಕ್ಕೆಲ್ಲ ಪಾರ್ಕಿಂಗ್ ಟೈಲ್ಸ್. ಮರ ಹರಡಿದ್ದು ಎಂಟು ಹತ್ತು ಅಡಿ. ಹೂವು ಬಿದ್ದದ್ದು ಟೈಲ್ಸಿನ ಮೇಲೆ, ಸ್ಕೂಟರಿನ ಎಣ್ಣೆ ಕಲೆಯ ಮೇಲೆ, ಚಪ್ಪಲಿ ಸ್ಟ್ಯಾಂಡಿನ ಮೇಲೆ. ಇಬ್ಬನಿಗೆ ಒದ್ದೆಯಾದ ಟೈಲ್ಸಿಗೆ ಎಸಳು ಕಾಗದದಂತೆ ಅಂಟಿಕೊಳ್ಳುತ್ತದೆ, ಎತ್ತಿದರೆ ಹರಿಯುತ್ತದೆ. ಏಳೂವರೆಗೆ ಬಿಸಿಲು ಬಿದ್ದರೆ ಸಿಮೆಂಟು ಕಾದು ಹೂವು ಕಂದಾಗುತ್ತದೆ. ಮಾಳಮಡ್ಡಿಯ ಡಾಂಬರು ರಸ್ತೆಯಲ್ಲಿ ಎಷ್ಟೋ ವರ್ಷ ನೋಡಿದ್ದನ್ನೇ ನನ್ನ ಅಂಗಳದಲ್ಲಿ, ನನ್ನ ಖರ್ಚಿನಲ್ಲಿ ಮಾಡಿಟ್ಟಿದ್ದೆ. ಬೇರೆ ಹೂವಾದರೆ ಗಿಡದಿಂದ ಬಿಡಿಸಿಕೊಳ್ಳುತ್ತೇವೆ, ನೆಲಕ್ಕೆ ಬಿದ್ದದ್ದು ಪೂಜೆಗೆ ಬರುವುದಿಲ್ಲ. ಪಾರಿಜಾತಕ್ಕೆ ಬಿದ್ದ ಹೂವೇ ಪೂಜೆಯ ಹೂವು. ಅದು ಬಿದ್ದ ಜಾಗ ಮಡಿಯಾಗಿರಬೇಕು, ಅಷ್ಟೇ. ಅಂದ ಮೇಲೆ ಮರದ ಕೆಳಗಿನ ಜಾಗ ಚಪ್ಪಲಿ ಬಿಡುವ ಜಾಗ ಹೇಗಾದೀತು?

ಆ ವರ್ಷ ಹಾಸಲು ಏನೇನೋ ತಂದು ನೋಡಿದೆ. ಮೊದಲು ನೀಲಿ ತಾಡಪತ್ರಿ. ಮಳೆ ಬಂದ ರಾತ್ರಿ ಅದರ ಗುಂಡಿಗಳಲ್ಲಿ ನೀರು ನಿಂತು ಹೂವು ತೇಲಿ ಬೆಳಗಿಗೆ ಕೊಳೆತಿದ್ದವು. ಆಮೇಲೆ ನರ್ಸರಿಯವರು ಕಟ್ಟುವ ಹಸಿರು ನೆರಳು ಬಲೆ, ಮೀಟರಿಗೆ ಇಷ್ಟೆಂದು ಕೊಟ್ಟು ತಂದದ್ದು. ನೀರು ನಿಲ್ಲುವುದಿಲ್ಲ, ನಿಜ. ಆದರೆ ಹೂವಿನ ಕಿತ್ತಳೆ ತೊಟ್ಟು ಕಣ್ಣುಗಳಲ್ಲಿ ಸಿಕ್ಕಿಕೊಂಡು ಬಿಡಿಸುವಾಗ ತಲೆ ಒಂದು ಕಡೆ, ತೊಟ್ಟು ಒಂದು ಕಡೆ. ಕೊನೆಗೆ ಅತ್ತೆಯವರೇ ಟ್ರಂಕಿನಿಂದ ತಮ್ಮ ಹಳೆಯ ನೂಲಿನ ಇಳಕಲ್ ಸೀರೆ ತೆಗೆದುಕೊಟ್ಟರು. ಅದನ್ನು ನಾಲ್ಕು ಕಲ್ಲಿಟ್ಟು ಹಾಸಿದೆವು. ಇಬ್ಬನಿಯನ್ನು ಅರಿವೆ ಹೀರಿಕೊಳ್ಳುತ್ತದೆ, ಹೂವು ಒದ್ದೆಯಾಗದೆ ಕೂತಿರುತ್ತದೆ, ಬೆಳಗ್ಗೆ ನಾಲ್ಕು ಚುಂಗು ಕೂಡಿಸಿ ಎತ್ತಿದರೆ ಮುಗಿಯಿತು. ಹಣ ಕೊಟ್ಟು ತಂದ ಎರಡಕ್ಕಿಂತ ಇದೇ ಮೇಲು. ಬಣ್ಣ ಬಿಡದ, ಒಗೆದು ಒಗೆದು ಮೆತ್ತಗಾದ ನೂಲಿನ ಸೀರೆಯೇ ಬೇಕು. ಪಾಲಿಸ್ಟರ್ ಹಾಸಿದರೆ ತಾಡಪತ್ರಿಯ ಕತೆಯೇ.

ಆದರೂ ಸೀರೆಯ ಆಚೆ ಬಿದ್ದ ಹೂವು ಟೈಲ್ಸಿಗೆ ಹೋಗುತ್ತಿತ್ತು. ಈ ವರ್ಷ ಏಪ್ರಿಲ್‌ನಲ್ಲಿ ಗೌಂಡಿಯನ್ನು ಕರೆಸಿ ಮರದ ಸುತ್ತ ಒಂಬತ್ತು ಅಡಿ ಚೌಕದ ಟೈಲ್ಸ್ ಕೀಳಿಸಿದೆ. ಯಜಮಾನರಿಗೆ ಸಂಕಟವಾಯಿತು, ಅವರೇ ಮುಂದೆ ನಿಂತು ಹಾಕಿಸಿದ್ದ ಟೈಲ್ಸು. ಕೆಳಗಿನ ಸಿಮೆಂಟು ಒಡೆದು, ಮಸಾರಿ ಮಣ್ಣು ತುಂಬಿಸಿ, ನೀರು ಹೊರಗೆ ಹರಿಯುವಂತೆ ಒಂದು ಬದಿಗೆ ತುಸು ಇಳಿಜಾರು ಕೊಟ್ಟು, ಬಡಿದು ಗಟ್ಟಿ ಮಾಡಿಸಿದೆ. ಕೂಲಿ, ಮಣ್ಣು ಎಲ್ಲ ಸೇರಿ 6,800 ರೂಪಾಯಿ. ಮರಕ್ಕೆ 120, ಅದರ ಹೂವು ಬೀಳುವ ಜಾಗಕ್ಕೆ 6,800. ಈ ಲೆಕ್ಕ ನನಗೆ ಸರಿ ಎನಿಸಿದೆ. ಸೆಪ್ಟೆಂಬರಿನಿಂದ ಎರಡು ದಿನಕ್ಕೊಮ್ಮೆ ಅಷ್ಟು ಜಾಗವನ್ನು ಸೆಗಣಿಯಿಂದ ಸಾರಿಸುತ್ತೇನೆ. ಸಾರಿಸಿದ ನೆಲದ ಮೇಲೆ ಪಾರಿಜಾತ ಬಿದ್ದದ್ದನ್ನು ನೋಡಬೇಕು. ಹಸಿರು ಕಂದಿನ ನೆಲ, ಮೇಲೆ ಬಿಳಿ ಚುಕ್ಕಿ, ಕೆಲವು ಮುಖ ಮೇಲೆ ಮಾಡಿ, ಕೆಲವು ಕವುಚಿ ಕಿತ್ತಳೆ ತೊಟ್ಟು ಮೇಲೆ ಮಾಡಿ. ರಂಗೋಲಿ ಹಾಕಲು ಕೈ ಬರುವುದಿಲ್ಲ. ಜೋರು ಮಳೆಯ ದಿನ ಮಾತ್ರ ಸಾರಿಸಿದ್ದು ತೊಳೆದು ಹೋಗುತ್ತದೆ, ಆಗ ಮತ್ತೆ ಸೀರೆ.

ಈ ವರ್ಷ ಸೀಗಿ ಹುಣ್ಣಿಮೆಯ ರಾತ್ರಿ ನಾವು ಮಲಗಲಿಲ್ಲ. ಕೋಜಾಗಿರಿಯೆಂದು ಹಾಲು ಕಾಯಿಸಿ, ಕೇಸರಿ, ಬಾದಾಮಿ ಹಾಕಿ, ಸಾರಿಸಿದ ನೆಲದ ಅಂಚಿಗೆ ಚಾಪೆ ಹಾಸಿ ಕೂತೆವು. ಮೋಡ ಆಗೀಗ ಬಂದು ಹೋಗುತ್ತಿತ್ತು. 31 ವರ್ಷದ ರಾತ್ರಿಗಳಲ್ಲಿ ನಾನು ನೋಡದ್ದನ್ನು ಅಂದು ಗಂಟೆ ಗಂಟೆಗೆ ನೋಡಿದೆ. ಆರೂಮುಕ್ಕಾಲಿಗೆ ಮೊಗ್ಗಿನ ತುದಿ ಸಡಿಲವಾಯಿತು. ಎಂಟಕ್ಕೆ ಅರ್ಧ ಬಿಚ್ಚಿದ್ದವು. ಒಂಬತ್ತೂವರೆಗೆ ಎಸಳು ಪೂರ್ತಿ ಹರಡಿ, ಒಂದೊಂದೂ ಗಾಳಿಗಿರಗಿಟ್ಲೆಯ ಹಾಗೆ ಒಂದೇ ಕಡೆಗೆ ತಿರುಚಿ ನಿಂತಿತು. ಆರು ಎಸಳಿನವು ಹೆಚ್ಚು, ಏಳರವು ಇದ್ದವು, ಹುಡುಕಿದರೆ ಐದು, ಎಂಟರವೂ ಸಿಕ್ಕವು. ಗಂಧ ಮರದ ಕೆಳಗೇ ಕೂತವರಿಗೆ ಅಷ್ಟು ಗೊತ್ತಾಗುವುದಿಲ್ಲ. ಹಾಲಿನ ಲೋಟ ತರಲೆಂದು ಅಡುಗೆಮನೆಗೆ ಹೋದಾಗ ಹಿಂದಿನ ಕಿಟಕಿಯಿಂದ ಬಂದ ಗಾಳಿಯಲ್ಲಿ ಅದು ಇತ್ತು, ಜೇನು ಬೆರೆಸಿದ ಮಲ್ಲಿಗೆಯ ಹಾಗೆ, ರಾತ್ರಿರಾಣಿಯಂತೆ ಮೈಮೇಲೆ ಬೀಳದೆ.

ಅತ್ತೆಯವರ ತವರು ಗೋಕಾಕದ ಕಡೆ. ಚಿಕ್ಕವರಿದ್ದಾಗ ಊರ ಅಗಸಿಯಲ್ಲಿ ಶ್ರೀಕೃಷ್ಣ ಪಾರಿಜಾತದ ಆಟ ಬೆಳತನಕ ನಡೆಯುತ್ತಿದ್ದುದು, ರುಕ್ಮಿಣಿಗೆ ಕೃಷ್ಣ ಹೂವು ಕೊಟ್ಟನೆಂದು ಸತ್ಯಭಾಮೆ ಮುನಿಸಿಕೊಂಡು ಕೂತಾಗ ಹೆಣ್ಣುಮಕ್ಕಳೆಲ್ಲ ಅವಳ ಕಡೆಗೇ ಮಾತಾಡುತ್ತಿದ್ದುದು, ಎಲ್ಲ ಹೇಳಿದರು. ಮರ ತಂದು ಭಾಮೆಯ ಅಂಗಳದಲ್ಲಿ ನೆಟ್ಟರೆ ಹೂವು ರುಕ್ಮಿಣಿಯ ಅಂಗಳಕ್ಕೆ ಬಿತ್ತು ಎಂಬ ಮಾತಿಗೆ ಬಂದಾಗ ಪಕ್ಕದ ಮನೆಯ ಕಾಂಪೌಂಡಿನ ಕಡೆ ನೋಡಿದರು. ನಮ್ಮ ಮರದ ಒಂದು ದೊಡ್ಡ ಟೊಂಗೆ ಆಚೆಗೇ ಬಾಗಿದೆ.

ನಾಲ್ಕು ಗಂಟೆಗೆ ಮೊದಲ ಹೂವು ಬಿತ್ತು. ಗಾಳಿ ಇರಲಿಲ್ಲ. ತೊಟ್ಟಿನಿಂದ ಕಳಚಿ, ಗಿರಗಿರ ತಿರುಗುತ್ತ, ನೆಲ ಮುಟ್ಟುವಾಗ ಹನಿ ಬಿದ್ದಷ್ಟೇ ಸದ್ದು. ಆಮೇಲೆ ಒಂದು, ಇನ್ನೊಂದು. ಐದರ ಹೊತ್ತಿಗೆ ಎಣಿಸಲು ಆಗದಷ್ಟು. ಆರೂವರೆಗೆ ಮರದ ಮೇಲೆ ಹೆಚ್ಚೇನೂ ಉಳಿದಿರಲಿಲ್ಲ. ಸ್ವೀಡನ್ನಿನ ಸಸ್ಯಶಾಸ್ತ್ರಜ್ಞ ಲಿನಿಯಸ್ 1753ರಲ್ಲಿ ಈ ಮರಕ್ಕೆ ಶಾಸ್ತ್ರೀಯ ಹೆಸರಿಟ್ಟಾಗ ದುಃಖದ ಮರ ಎಂಬ ಅರ್ಥ ಬರುವಂತೆ ಇಟ್ಟ, ಬೆಳಗಿಗೆ ಬೋಳಾಗಿ ನಿಲ್ಲುತ್ತದೆಂದು ಇರಬೇಕು. ಅವನು ಈ ಮರದ ಕೆಳಗೆ ಬೆಳಗಿನ ಐದು ಗಂಟೆಗೆ ಕೂತವನಲ್ಲ.

ಪಕ್ಕದ ಮನೆಯ ವಿಷಯ ಹೇಳಿದೆನಲ್ಲ. ಅತ್ತೆಯವರು 2024ರಲ್ಲಿ ಒಂದು ಸಂಕಲ್ಪ ಮಾಡಿದರು: ಈ ಮರದ ಲಕ್ಷ ಹೂವು ದೇವರಿಗೆ ಏರಿಸಬೇಕು, ಎಷ್ಟು ವರ್ಷ ಹಿಡಿದರೂ ಹಿಡಿಯಲಿ. 82 ವರ್ಷ ಅವರಿಗೆ. ದಿನಾ ಬೆಳಗ್ಗೆ ಹೂವನ್ನು ಐದೈದರ ಗುಂಪು ಮಾಡಿ ಎಣಿಸಿ, ನನ್ನ ಹಳೆಯ ಡ್ಯೂಟಿ ಡೈರಿಯಲ್ಲಿ ಬರೆಸುತ್ತಾರೆ. ಎಸಳು ಹರಿದದ್ದು, ಹುಳು ಮುಟ್ಟಿದ್ದು ಲೆಕ್ಕಕ್ಕಿಲ್ಲ. ಆ ವರ್ಷ 14,318 ಆಯಿತು. ಆಚೆ ಬಿದ್ದ ಹೂವಿನ ಬಗ್ಗೆ ನಾವು ಬಾಯಿ ಬಿಟ್ಟಿರಲಿಲ್ಲ, ಅದು ಅವರ ಅಂಗಳ, ಅವರ ಹೂವು. ಈ ವರ್ಷ ಸೆಪ್ಟೆಂಬರಿನಲ್ಲಿ ಒಂದು ದಿನ ಪಕ್ಕದ ಮನೆಯಾಕೆ ತಾವೇ ಕಾಂಪೌಂಡಿನ ಮೇಲಿಂದ ಬುಟ್ಟಿ ಚಾಚಿದರು. "ಅಮ್ಮಾರ, ನಮ್ಮ ಕಡೆ 86 ಬಿದ್ದಾವ್ರಿ. ನಾನೂ ಸಾರಿಸೀನಿ, ಮಡೀಲೆ ಆರಿಸೀನಿ. ಲೆಕ್ಕದಾಗ ಹಿಡೀರಿ." ಅವರೂ ತಮ್ಮ ಬದಿಯಲ್ಲಿ ನಾಲ್ಕು ಅಡಿ ಟೈಲ್ಸ್ ಕೀಳಿಸಿದ್ದರು. ನಮಗೆ ಗೊತ್ತೇ ಇರಲಿಲ್ಲ.

ಬೇರೆ ಉಪಯೋಗಗಳನ್ನು ಕೇಳುವವರಿದ್ದಾರೆ. ಕಿತ್ತಳೆ ತೊಟ್ಟಿನಿಂದ ಬಣ್ಣ ಬರುತ್ತದೆ, ಹಿಂದೆ ರೇಷ್ಮೆಗೆ ಹಾಕುತ್ತಿದ್ದರು. ಪೂಜೆಯ ನಂತರದ ಹೂವಿನ ತೊಟ್ಟು ಬಿಡಿಸಿ ನೆರಳಲ್ಲಿ ಒಣಗಿಸಿ ಕುದಿಸಿ, ಒಂದು ಬಿಳಿ ನೂಲಿನ ಕರವಸ್ತ್ರ ಅದ್ದಿದೆ. ಮೊದಲು ಕೇಸರಿಯಂಥ ಚೆಂದದ ಹಳದಿ, ನಾಲ್ಕು ಒಗೆತಕ್ಕೆ ಮಾಸಿತು. ಎಲೆಯ ಕಷಾಯದ ವಿಷಯದಲ್ಲಿ ನಾನು ಕಟ್ಟುನಿಟ್ಟು. ಸೊಂಟದಿಂದ ಕಾಲಿಗೆ ಇಳಿಯುವ ನೋವಿಗೆ, ಜ್ವರಕ್ಕೆ ಆಯುರ್ವೇದದಲ್ಲಿ ಈ ಎಲೆ ಬಳಕೆಯಲ್ಲಿದೆ, ಓಣಿಯವರು ಕೇಳಿಕೊಂಡು ಬರುತ್ತಾರೆ. ವೈದ್ಯರು ಹೇಳಿದ್ದರೆ ಕೊಡುತ್ತೇನೆ. ಜ್ವರ ಬಂದು ಮೂರು ದಿನವಾಗಿದೆ, ಎಲೆ ಕೊಡಿ ಎಂದರೆ ಮೊದಲು ರಕ್ತ ಪರೀಕ್ಷೆ ಮಾಡಿಸಿ ಬನ್ನಿ ಎನ್ನುತ್ತೇನೆ. ಡೆಂಗಿಯಲ್ಲಿ ಪ್ಲೇಟ್‌ಲೆಟ್ ಇಳಿದವರನ್ನು ಎಷ್ಟೋ ರಾತ್ರಿ ಕಾದಿದ್ದೇನೆ. ಕಹಿ ಕುಡಿದು ಕಾಯುತ್ತ ಕೂರುವ ಕಾಯಿಲೆ ಅದಲ್ಲ.

ಮರದ ದೋಷಗಳನ್ನೂ ಹೇಳಬೇಕು. ಮಾರ್ಚಿನಿಂದ ಮೇವರೆಗೆ ಇದು ಚೆಂದ ಕಾಣುವುದಿಲ್ಲ. ಎಲೆ ಉದುರಿ, ನಾಣ್ಯದಂಥ ಚಪ್ಪಟೆ ಕಂದು ಕಾಯಿಗಳು ಜೋತು, ಒಣಗಿ ಹೋಯಿತೇನೋ ಎನ್ನುವ ಹಾಗಿರುತ್ತದೆ. ಗಾಬರಿಯಾಗಿ ಬಕೆಟ್‌ಗಟ್ಟಲೆ ನೀರು ಸುರಿಯಬೇಡಿ, ಮೊದಲ ಮಳೆಗೆ ಚಿಗುರುತ್ತದೆ. ಜುಲೈ ಹೊತ್ತಿಗೆ ಬಾಲದ ಮೇಲೆ ಕೊಂಬಿರುವ, ಬೆರಳು ಗಾತ್ರದ ಹಸಿರು ಹುಳು ಬಂದು ಒಂದು ರಾತ್ರಿಗೆ ಒಂದು ಟೊಂಗೆಯ ಎಲೆ ಮುಗಿಸುತ್ತದೆ. ನಾನು ಔಷಧಿ ಹೊಡೆಯುವುದಿಲ್ಲ, ಕಡ್ಡಿಯಿಂದ ಎತ್ತಿ ಎದುರಿನ ಖಾಲಿ ಸೈಟಿಗೆ ಬಿಟ್ಟು ಬರುತ್ತೇನೆ. ಮಳೆಗಾಲದಲ್ಲಿ ಮರದ ಕೆಳಗೆ ಸಸಿಗಳು ತಾವಾಗಿಯೇ ಏಳುತ್ತವೆ. ಈ ವರ್ಷ ಹದಿನಾಲ್ಕನ್ನು ಹಾಲಿನ ಚೀಲಗಳಲ್ಲಿ ಬೆಳೆಸಿ ಕೇಳಿದವರಿಗೆ ಕೊಟ್ಟೆ, ಕೊಡುವಾಗ ಹೂವು ಎಲ್ಲಿ ಬೀಳುತ್ತದೆ ಎಂದು ಕೇಳಿಯೇ ಕೊಟ್ಟೆ. ಒಬ್ಬರು ಕಾರು ನಿಲ್ಲಿಸುವ ಜಾಗ ತೋರಿಸಿದರು. ಅವರಿಗೆ ದಾಸವಾಳ ಕೊಟ್ಟು ಕಳಿಸಿದೆ. ಅಂಗಳವೇ ಇಲ್ಲದವರು ದೊಡ್ಡ ಡ್ರಮ್ಮಿನಲ್ಲಿ ಬೆಳೆಸಬಹುದು. ಹುಬ್ಬಳ್ಳಿಯಲ್ಲಿ ನನ್ನ ನಾದಿನಿಯ ಮನೆಯ ಮಾಳಿಗೆಯ ಮೇಲೆ ಹಾಗೇ ಇದೆ. ಹೂವು ಕಡಿಮೆ, ಬಿಸಿಲು ಏರುವ ಮುಂಚೆ ಆರಿಸಿಕೊಳ್ಳಬೇಕು.

ಅಂಕ ಕೊಡಲೇಬೇಕೆಂದರೆ ಸಸಿಗೆ ಐದಕ್ಕೆ ಐದು. ನರ್ಸರಿಗೆ ನಾಲ್ಕೂವರೆ, ಅರ್ಧ ಕಡಿಮೆ ಮಾಡಿದ್ದು ಚೀಲದ ಜೇಡಿ ಮಣ್ಣಿಗಾಗಿ. ಫೋನಿನಲ್ಲಿ ತರಿಸಿದ್ದಕ್ಕೆ ಒಂದು.

ಇದನ್ನು ಬರೆಯುತ್ತಿರುವುದು ಬೆಳಗಿನ ಏಳೂವರೆಗೆ, ಕಟ್ಟೆಯ ಮೇಲೆ ಕೂತು. ಹೂವು ಇಳಿಮುಖವಾಗಿದೆ. ಅಕ್ಟೋಬರಿನಲ್ಲಿ ಒಂದು ದಿನ 912 ಬಿದ್ದದ್ದು, ಇವತ್ತು ನಮ್ಮ ಕಡೆ 206. ನಿನ್ನೆಯವರೆಗಿನ ಒಟ್ಟು 47,479. ಅತ್ತೆಯವರು ಡೈರಿ ತೆರೆದು, ಕನ್ನಡಕ ಏರಿಸಿಕೊಂಡು, ಇನ್ನೂ ಕೂಡಿಸಬೇಡ ತಡಿ ಎಂದು ಕೈ ಅಡ್ಡ ಹಿಡಿದಿದ್ದಾರೆ. ಕಾಂಪೌಂಡಿನ ಆಚೆ ಬುಟ್ಟಿಯ ಸದ್ದಾಗುತ್ತಿದೆ.

"ಇವತ್ತ 38 ಅಮ್ಮಾರ."

47,723.